ಏಳನೇ ಮೆಟ್ಟಿಲಿನ ಚಕ್ಕೆ

ಹೊಸದನ್ನು ಹಳೆಯದು ಮಾಡುವುದು ಅವಳ ಕಸುಬು. ವಿಡಿಯೋ ಗೇಮ್ ತಯಾರಿಸುವ ಕಂಪನಿಯೊಂದರ ಮೂರನೇ ಮಹಡಿಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತು, ಹದಿನಾಲ್ಕು ವರ್ಷದಿಂದ ಅವಳು ಅದನ್ನೇ ಮಾಡಿಕೊಂಡು ಬಂದಿದ್ದಳು. ಅಕ್ಕಪಕ್ಕದ ಮೇಜಿನವರು ಕಂಪ್ಯೂಟರಿನಲ್ಲಿ ಕಂಬ ನಿಲ್ಲಿಸಿ, ಗೋಡೆ ಎಬ್ಬಿಸಿ, ಪ್ರತಿಮೆ ಕೆತ್ತಿ ಅವಳಿಗೆ ಕಳಿಸುತ್ತಿದ್ದರು. ಬಂದಾಗ ಎಲ್ಲವೂ ಈಗಷ್ಟೇ ಕಾಗದ ಬಿಚ್ಚಿದ ಸೋಪಿನ ಹಾಗೆ ನುಣ್ಣಗಿರುತ್ತಿತ್ತು. ಅವಳು ಪ್ರತಿಮೆಯ ಮೂಗು ಮುರಿಯುತ್ತಿದ್ದಳು, ಕಂಬದ ಬುಡ ತೇಯುತ್ತಿದ್ದಳು, ಮಳೆನೀರು ಇಳಿಯುವ ಕಡೆ ಕಪ್ಪು ಗೆರೆ ಎಳೆಯುತ್ತಿದ್ದಳು, ಬಾಗಿಲ ಹಿಡಿಯ ಸುತ್ತ ಬಣ್ಣ ಕೆರೆದು ತೆಗೆಯುತ್ತಿದ್ದಳು. ಕಿರಿಯರು ಅವಳನ್ನು ಸವೆತಕ್ಕ ಎಂದು ಕರೆಯುತ್ತಿದ್ದರು. ಕ್ಯಾಂಟೀನಿನಲ್ಲಿ ಯಾರ ಕೈಯಿಂದಾದರೂ ಲೋಟ ಬಿದ್ದು ಒಡೆದರೆ, "ಸವೆತಕ್ಕನ್ನ ಕರೀರಪ್ಪ, ಅವರ ಕೆಲಸ ಯಾರೋ ಕಿತ್ಕೊಂಡ್ರು" ಎಂದು ಕೂಗುವುದು ಅಲ್ಲಿನ ಹಳೆಯ ತಮಾಷೆ.

ಮೆಟ್ಟಿಲಿನ ವಿಷಯ ಬಂದರಂತೂ ಅವಳದೇ ಕೊನೆಯ ಮಾತು. ಹೊಸದಾಗಿ ಸೇರಿದವರು ಮೆಟ್ಟಿಲನ್ನು ನಟ್ಟನಡುವೆ ಬಟ್ಟಲಿನ ಹಾಗೆ ತಗ್ಗು ಮಾಡಿ ತರುತ್ತಿದ್ದರು. ಅವಳು ನೋಡಿ ತಲೆ ಅಲ್ಲಾಡಿಸುತ್ತಿದ್ದಳು.

"ಯಾರು ಹತ್ತುತ್ತಾರಪ್ಪ ನಡುವೆ? ಕಂಬಿ ಇರೋ ಕಡೆ ಹತ್ತುತ್ತಾರೆ. ಹತ್ತೋ ಕಾಲು ಒಳಗಡೆ ತೇಯುತ್ತೆ, ಇಳಿಯೋ ಕಾಲು ಅಂಚು ತಿನ್ನುತ್ತೆ. ಹೋಗು, ಇನ್ನೊಂದು ಸಲ ಮಾಡು."

ಇದನ್ನೆಲ್ಲ ಯಾವ ಕಾಲೇಜಿನಲ್ಲಿ ಕಲಿತಿರಿ ಎಂದು ಕೇಳಿದವರಿಗೆ, "ನಮ್ಮಪ್ಪನ ಬಕೆಟ್ಟಿನ ಹಿಂದೆ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅವಳು ಹೇಳಿದ್ದು ನಿಜವಾಗಿತ್ತು.

ಅವಳಪ್ಪ ನಲವತ್ತು ವರ್ಷ ಒಂದು ಬಾಡಿಗೆ ಕಟ್ಟಡ ನೋಡಿಕೊಳ್ಳುವ ಕೆಲಸದಲ್ಲಿದ್ದ. ನಾಲ್ಕು ಮಹಡಿ, ಇಪ್ಪತ್ತೆರಡು ಸಂಸಾರ. ಬೀದಿಯಿಂದ ಮುಂಬಾಗಿಲಿಗೆ ಹನ್ನೊಂದು ಕಲ್ಲಿನ ಮೆಟ್ಟಿಲು, ಬಾಗಿಲ ಪಕ್ಕದ ಒಂದೇ ಕೋಣೆಯಲ್ಲಿ ಅಪ್ಪ, ಅಮ್ಮ, ಅವಳು. ಬೆಳಿಗ್ಗೆ ಕೆಲಸಕ್ಕೆ ಹೋಗುವವರೆಲ್ಲ ಹೋದ ಮೇಲೆ, ಹತ್ತು ಗಂಟೆಗೆ, ಅಪ್ಪ ಎಡಗೈಯಲ್ಲಿ ಬಕೆಟ್ಟು ಬಲಗೈಯಲ್ಲಿ ಪೊರಕೆ ಹಿಡಿದು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ತೊಳೆದು ಬರುತ್ತಿದ್ದ. ಆ ಹೊತ್ತಿಗೆ ಯಾರು ಬಂದರೂ ಬೀದಿಯಲ್ಲೇ ನಿಲ್ಲಬೇಕು. ಒದ್ದೆ ಆರುವ ತನಕ ಕಟ್ಟಡದ ಮಾಲೀಕನಿಗೂ ಪ್ರವೇಶವಿರಲಿಲ್ಲ.

ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಮದುವೆಯಾದ ಎರಡನೇ ವಾರ, ತವರಿನವರು ಕೊಟ್ಟ ಹೊಲಿಗೆ ಯಂತ್ರವನ್ನು ಗಂಡ ಹೆಂಡತಿ ಇಬ್ಬರೂ ಆ ಕಡೆ ಈ ಕಡೆ ಹಿಡಿದು ಮೇಲೇರಿಸುವಾಗ ಏಳನೇ ಮೆಟ್ಟಿಲಿನಲ್ಲಿ ಅದು ಜಾರಿತು. ಯಂತ್ರಕ್ಕೆ ಏನೂ ಆಗಲಿಲ್ಲ. ಅದರ ಎರಕದ ಕಬ್ಬಿಣದ ಕಾಲು ಬಡಿದು ಮೆಟ್ಟಿಲಿನ ಬಲ ಅಂಚಿನಲ್ಲಿ ಅಂಗೈ ಅಗಲದ ಚಕ್ಕೆಯೊಂದು ಎದ್ದುಹೋಯಿತು. ಯಾರ ಕೈ ಜಾರಿತು ಎಂಬ ಜಗಳ ಮಾತ್ರ ಇತ್ಯರ್ಥವಾಗದೆ ಮೂವತ್ತೊಂಬತ್ತು ವರ್ಷ ನಡೆಯಿತು.

"ನಿಮ್ಮ ಕೈಯೇ ರೀ ಜಾರಿದ್ದು. ಕಣ್ಣು ಎದುರುಮನೆ ಕಿಟಕಿ ಮೇಲೆ ಇತ್ತಲ್ಲ, ಕೈಗೇನು ಗೊತ್ತಾಗುತ್ತೆ."

"ಬಿಡೇ, ನಂದು ಜಾರೋ ಕೈ ಅಲ್ಲ. ನಡುದಾರೀಲಿ ಕೂದಲು ಸರಿ ಮಾಡ್ಕೊಳ್ಳೋಕೆ ಹೋದೋಳು ನೀನು."

ಈ ಜಗಳಕ್ಕೆ ಬಿಸಿ ಇರಲಿಲ್ಲ. ಹೊತ್ತು ಹೋಗದಿದ್ದಾಗ, ಸಾರು ಸಪ್ಪೆಯಾದಾಗ, ಮಗಳ ಪರೀಕ್ಷೆಯ ಫಲಿತಾಂಶ ಕೈಕೊಟ್ಟಾಗ, ಯಾರೋ ಒಬ್ಬರು ಅದನ್ನು ಎತ್ತುತ್ತಿದ್ದರು. ಎರಡನೇ ಮಹಡಿಯವರು ಅಮ್ಮನ ಪಕ್ಷ, ಮೂರನೇ ಮಹಡಿಯವರು ಅಪ್ಪನ ಪಕ್ಷ. ಅಮ್ಮನ ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ ಅವಳಿಗೆ ಉಸಿರು ಸ್ವಲ್ಪ ಸಲೀಸಾಗಿತ್ತು. ಮಗಳು ಮಂಚದ ಕಾಲ ಬಳಿ ಕೂತಿದ್ದಳು. ಅಮ್ಮ ಗಂಡನ ಕಡೆ ಮುಖ ಹೊರಳಿಸಿ ನಕ್ಕಳು.

"ಈಗಲಾದ್ರೂ ಒಪ್ಕೊಳ್ಳಿ ರೀ. ಯಾರಿಗೂ ಹೇಳಲ್ಲ."

"ಎದ್ದು ಮನೆಗೆ ಬಾ ಮೊದಲು," ಎಂದ ಅಪ್ಪ. "ಆ ಮೆಟ್ಟಿಲ ಮೇಲೇ ನಿಂತು ಹೇಳ್ತೀನಿ, ಯಾರದ್ದು ಅಂತ."

ಅಮ್ಮ ಮನೆಗೆ ಬರಲಿಲ್ಲ. ಎಂಟು ತಿಂಗಳಿಗೆ ಕಟ್ಟಡವೂ ಉಳಿಯಲಿಲ್ಲ. ಕಟ್ಟಿ ಅರವತ್ತೆಂಟು ವರ್ಷವಾಯಿತು, ಬೀಳಿಸಿ ಹೊಸದು ಕಟ್ಟುತ್ತೇವೆ ಎಂದು ಮಾಲೀಕ ನೋಟಿಸು ಅಂಟಿಸಿದ. ಅಪ್ಪನ ಎರಡೂ ಮಂಡಿ ಅಷ್ಟರಲ್ಲಿ ಕೈಕೊಟ್ಟಿದ್ದವು. ನಾಲ್ಕು ಕಾಲಿನ ಊರುಗೋಲು ಹಿಡಿದು, ಹನ್ನೊಂದು ಮೆಟ್ಟಿಲನ್ನೂ ಕೂತು ಕೂತು ಇಳಿದು, ಅವನು ಮಗಳ ಆರನೇ ಮಹಡಿಯ ಮನೆಗೆ ಬಂದ. ಅಲ್ಲಿ ಲಿಫ್ಟ್ ಇತ್ತು. ಮೆಟ್ಟಿಲು ಹತ್ತುವ ಪ್ರಸಂಗವೇ ಇರಲಿಲ್ಲ.

ಕಟ್ಟಡ ಬೀಳಿಸುವ ಮುಂಚಿನ ವಾರ ಮಗಳು ಕ್ಯಾಮೆರಾ ತೆಗೆದುಕೊಂಡು ಅಲ್ಲಿಗೆ ಹೋದಳು. ಬಿಸಿಲಿದ್ದರೆ ನೆರಳು ಬಿದ್ದು ಕೆಲಸ ಕೆಡುತ್ತದೆ. ಮೋಡ ಮುಚ್ಚಿದ ಎರಡು ಬೆಳಗಿಗಾಗಿ ಕಾದಳು. ಮಂಡಿಯೂರಿ, ಮಲಗಿ, ಏಣಿ ಹತ್ತಿ, ಮುನ್ನೂರ ನಲವತ್ತು ಫೋಟೋ ತೆಗೆದಳು. ಅವನ್ನೆಲ್ಲ ಒಟ್ಟಿಗೆ ಹಾಕಿದರೆ ಕಂಪ್ಯೂಟರು ಕಲ್ಲಿನ ಆಕಾರವನ್ನು ಕೂದಲೆಳೆಯಷ್ಟೂ ತಪ್ಪದೆ ಕಟ್ಟಿಕೊಡುತ್ತದೆ. ಏನಕ್ಕೆ ಎಂದು ಅವಳು ಆಗ ಯೋಚಿಸಿರಲಿಲ್ಲ. ಕಲ್ಲು ಸವೆದದ್ದು ಚೆನ್ನಾಗಿತ್ತು, ಕಸುಬಿನವಳ ಕಣ್ಣಿಗೆ ಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ಅದೇ ಸಮಯಕ್ಕೆ ಕಂಪನಿಯಲ್ಲಿ ಒಂದು ದೊಡ್ಡ ಆಟ ತಯಾರಾಗುತ್ತಿತ್ತು. ಎರಡು ಸಾವಿರ ವರ್ಷ ಹಿಂದಿನ ರೋಮನ್ ಬಂದರು ಪಟ್ಟಣ. ಯುದ್ಧದಿಂದ ಮರಳಿದ ಸಿಪಾಯಿಯೊಬ್ಬ ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಾನೆ. ಆಡುವವರು ಆ ಸಿಪಾಯಿಯನ್ನು ನಡೆಸಬೇಕು. ಪಟ್ಟಣದ ನಡುವೆ ಸಮುದ್ರ ದೇವತೆಯ ದೇವಸ್ಥಾನ. ಗ್ರೀಕರ ದೇವಸ್ಥಾನಕ್ಕೆ ನಾಲ್ಕು ಕಡೆಯೂ ಮೆಟ್ಟಿಲು. ರೋಮನ್ನರದ್ದು ಹಾಗಲ್ಲ, ಎತ್ತರದ ಜಗಲಿಯ ಮೇಲೆ ಗುಡಿ, ಮುಂದುಗಡೆ ಮಾತ್ರ ಮೆಟ್ಟಿಲು. ಆ ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು ಎಂದು ಅವರ ಕಾಲದ ನಿಯಮವೇ ಇತ್ತು. ಬಲಗಾಲಿಟ್ಟು ಹೊರಟವನು ಮೇಲೆ ದೇವರೆದುರೂ ಬಲಗಾಲೇ ಇಡಬೇಕು, ಅದಕ್ಕೆ. ತಂಡದ ಮುಖ್ಯಸ್ಥ, ಅವಳಿಗಿಂತ ಆರು ವರ್ಷ ಚಿಕ್ಕವನು, ಅವಳ ಹನ್ನೊಂದು ಮೆಟ್ಟಿಲಿನ ಆಕಾರ ನೋಡಿ ಕುರ್ಚಿಯಿಂದ ಎದ್ದೇಬಿಟ್ಟ.

"ಎಲ್ಲಿ ಸಿಕ್ತಕ್ಕ ಇದು? ಬೆಸ ಸಂಖ್ಯೆ ಬೇರೆ! ಎತ್ತಿ ಹಾಗೇ ಇಡೋಣ."

ಹಾಗೇ ಇಟ್ಟರು. ದೇವಸ್ಥಾನದ ಅಗಲಕ್ಕೆ ಬೇಕಾದಷ್ಟು ಕಲ್ಲನ್ನು ಅವಳು ಎಡಗಡೆ ಸೇರಿಸಿದಳು, ಬೂದು ಬಣ್ಣ ತೆಗೆದು ಅಮೃತಶಿಲೆಯ ಬಿಳುಪು ಕೊಟ್ಟಳು. ಬಲಗಡೆ, ಹಳೆಯ ಮೆಟ್ಟಿಲಿನ ಆರಡಿಯ ಆಕಾರವನ್ನು ಮುಟ್ಟಲಿಲ್ಲ. ತಗ್ಗು ತಗ್ಗಾಗಿಯೇ, ಅಂಚು ಅಂಚಾಗಿಯೇ, ಏಳನೆಯದರ ಚಕ್ಕೆ ಚಕ್ಕೆಯಾಗಿಯೇ ಉಳಿಯಿತು. ಯಾರಿಗೂ ಹೇಳಲಿಲ್ಲ. ಆಟ ಬಿಡುಗಡೆಯಾಯಿತು, ಚೆನ್ನಾಗಿ ಓಡಿತು. ಲಕ್ಷಾಂತರ ಜನ ಎಲ್ಲೆಲ್ಲೋ ಕೂತು ಆ ಮೆಟ್ಟಿಲು ಹತ್ತಿ ಇಳಿದರು. ಅವಳು ಬಸ್ಸಿನಲ್ಲಿ ಬರುವಾಗ ಒಮ್ಮೊಮ್ಮೆ ಅದನ್ನು ನೆನೆದು ಒಬ್ಬಳೇ ನಗುತ್ತಿದ್ದಳು.

ಕೆಲಸ ಮಾಡಿದವರಿಗೆಲ್ಲ ಕಂಪನಿ ಆಟವನ್ನೂ ಆಡುವ ಪೆಟ್ಟಿಗೆಯನ್ನೂ ಉಡುಗೊರೆ ಕೊಟ್ಟಿತು. ಒಂದು ಭಾನುವಾರ ಅವಳು ಟಿವಿಗೆ ಜೋಡಿಸಿ ಆಡುತ್ತಿದ್ದಾಗ ಅಪ್ಪ ಸೋಫಾದಲ್ಲಿ ಕೂತು ಪೇಪರ್ ಓದುತ್ತಿದ್ದ. ಸಿಪಾಯಿ ದೇವಸ್ಥಾನದ ಮುಂದೆ ಹಾದುಹೋದ.

"ನಿಲ್ಲು," ಎಂದ ಅಪ್ಪ.

"ಏನಪ್ಪ?"

"ಹಿಂದಕ್ಕೆ ಕರ್ಕೊಂಡು ಬಾ ಅವನನ್ನ. ಅಲ್ಲಿ. ಇನ್ನೂ ಹತ್ತಿರ."

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಬೆರಳು ಚಾಚಿ ಗಾಳಿಯಲ್ಲೇ ಎಣಿಸಿದ. ಏಳಕ್ಕೆ ಬಂದು ನಿಂತ.

"ಬಿಳಿ ಬಳಿದುಬಿಟ್ಟರೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಅಪ್ಪ ಅವಳ ಕೈಯಲ್ಲಿದ್ದ ಆಟದ ಹಿಡಿಕೆಗೆ ಕೈ ಚಾಚಿದ. "ಕೊಡು ಇಲ್ಲಿ. ಹೇಗೆ ನಡೆಸೋದು ಹೇಳ್ಕೊಡು."

ಅಪ್ಪ ಕಲಿತದ್ದು ಒಂದೇ ಗುಂಡಿ, ನಡೆಯುವುದು. ಓಡುವುದು, ಹಾರುವುದು, ಕತ್ತಿ ಎತ್ತುವುದು ಯಾವುದೂ ಅವನಿಗೆ ಬೇಕಿರಲಿಲ್ಲ. ಅಲ್ಲಿಂದ ಮುಂದೆ ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಟಿವಿ ಹಚ್ಚಿ, ಬಂದರಿನಲ್ಲಿ ನಿಂತ ಸಿಪಾಯಿಯನ್ನು ಹೊರಡಿಸುತ್ತಿದ್ದ. ಮೀನಿನ ಅಂಗಡಿ, ಎಣ್ಣೆ ಜಾಡಿಗಳ ಸಾಲು, ಸಾರ್ವಜನಿಕ ಸ್ನಾನದ ಮನೆ, ಪ್ರತಿಮೆಗಳ ಚೌಕ, ಅಲ್ಲಿಂದ ದೇವಸ್ಥಾನ. ನಡಿಗೆಯಲ್ಲಿ ನಾಲ್ಕು ನಿಮಿಷ. ಸಿಪಾಯಿಯ ತಮ್ಮ ಎರಡು ವರ್ಷವಾದರೂ ಕಾಣೆಯಾಗಿಯೇ ಇದ್ದ. ಅಪ್ಪ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ರಜೆಯ ದಿನ ಅಡುಗೆಮನೆಯಲ್ಲಿದ್ದ ಅವಳಿಗೆ ಅಪ್ಪನ ಮಾತು ಕೇಳುತ್ತಿತ್ತು. "ಏಯ್ ಸಿಪಾಯಿ, ಕಾಲು ಒರೆಸ್ಕೊಂಡು ಹತ್ತು. ಮೀನಂಗಡೀಲಿ ಓಡಾಡಿ ಬಂದಿದೀಯ." ಪುರೋಹಿತರು ಗುಂಪಾಗಿ ಇಳಿದು ಬಂದರೆ, "ಬಲಗಡೆ ಬಿಡ್ರಯ್ಯಾ, ದಾರಿ ನಿಮ್ಮಪ್ಪಂದಾ?" ಏಳನೇ ಮೆಟ್ಟಿಲಿಗೆ ಬಂದ ಮೇಲೆ ಸಿಪಾಯಿ ನಿಲ್ಲುತ್ತಿದ್ದ. ಅಪ್ಪನೂ ಸುಮ್ಮನಾಗುತ್ತಿದ್ದ. ಎರಡು ನಿಮಿಷ, ಕೆಲವು ದಿನ ಹತ್ತು ನಿಮಿಷ. ಆಮೇಲೆ ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ, "ನಿನ್ನ ಕೈಯೇ ಕಣೇ ಜಾರಿದ್ದು" ಎನ್ನುತ್ತಿದ್ದ. ಸಿಪಾಯಿಯನ್ನು ತಿರುಗಿಸಿ ಇಳಿಸುತ್ತಿದ್ದ. ಆ ಎರಡು ನಿಮಿಷ ಅವಳು ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡುತ್ತಿರಲಿಲ್ಲ. ಆಸ್ಪತ್ರೆಯ ಮಾತು ಅವಳಿಗೂ ನೆನಪಿತ್ತು.

ಇತಿಹಾಸದ ಮೇಷ್ಟ್ರು ಬಂದದ್ದು ಮೂರನೇ ವರ್ಷ. ನಿವೃತ್ತ ಪ್ರಾಧ್ಯಾಪಕರು, ಸಣ್ಣ ದನಿ, ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಭೂತಗನ್ನಡಿ. ಆ ಪಟ್ಟಣವನ್ನು ಶಾಲೆಗಳಲ್ಲಿ ಪಾಠಕ್ಕೆ ಬಳಸುವ ಮಾತುಕತೆ ನಡೆದಿತ್ತು. ಮಕ್ಕಳು ಅದರೊಳಗೆ ನಡೆದಾಡಿ ರೋಮನ್ನರ ಬದುಕನ್ನು ನೋಡಬೇಕು. ಹಾಗಾಗಿ ತಪ್ಪು ಇರಬಾರದು. ತಿದ್ದಿದ ಪಟ್ಟಣವೇ ಎಲ್ಲರ ಆಟಕ್ಕೂ ಹೋಗುತ್ತದೆ ಎಂದು ಕಂಪನಿಯವರು ಮೊದಲ ದಿನವೇ ಹೇಳಿದರು. ಮೇಷ್ಟ್ರು ಮೂರು ದಿನ ಪಟ್ಟಣದಲ್ಲಿ ಸುತ್ತಾಡಿ, ನಾಲ್ಕನೇ ದಿನ ಎಲ್ಲರನ್ನೂ ಸಭೆಯ ಕೋಣೆಗೆ ಕರೆಸಿದರು.

"ಬಹಳ ಚೆನ್ನಾಗಿದೆ," ಎಂದರು. "ಒಂದೇ ತೊಂದರೆ. ನೀವು ಕಟ್ಟಿರೋದು ಪಟ್ಟಣ ಅಲ್ಲ, ಪಟ್ಟಣದ ಅವಶೇಷ."

ಮೇಷ್ಟ್ರು ತಿಳಿಯಾಗಿ ವಿವರಿಸಿದರು. ನಾವೆಲ್ಲ ರೋಮ್ ನೋಡಿರುವುದು ಫೋಟೋದಲ್ಲಿ. ಫೋಟೋದಲ್ಲಿ ಇರುವುದು ಮುರಿದ ಕಂಬ, ಮೂಗಿಲ್ಲದ ದೇವರು, ಬಿಳಿ ಕಲ್ಲು. ಆದರೆ ಅಲ್ಲಿ ಬದುಕಿದವರ ಕಣ್ಣಿಗೆ ಅದು ಹೊಸ ಊರು. ಪ್ರತಿಮೆಗಳಿಗೆ ಬಣ್ಣ ಇತ್ತು: ಕೆಂಪು ತುಟಿ, ಕಂದು ಕೂದಲು, ನೀಲಿ ಅಂಚಿನ ಬಟ್ಟೆ. ಮಳೆ ಬಿಸಿಲಿಗೆ ತೊಳೆದುಹೋಗಿ ಬಿಳಿಯಾದದ್ದು ಆಮೇಲೆ.

"ಸರ್, ಬಣ್ಣ ಹಚ್ಚಿದ್ರೆ ಐಸ್‌ಕ್ರೀಂ ಅಂಗಡಿ ಥರ ಕಾಣುತ್ತೆ," ಎಂದ ಒಬ್ಬ.

"ಐಸ್‌ಕ್ರೀಂ ಅಂಗಡಿ ಥರಾನೇ ಇತ್ತು," ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಪರದೆಯ ಮೇಲೆ ದೇವಸ್ಥಾನ ಬಂತು.

"ನಿಮ್ಮ ಕಥೆ ನಡೆಯೋ ವರ್ಷಕ್ಕೆ ಈ ದೇವಸ್ಥಾನ ಕಟ್ಟಿ ನಾಲ್ಕು ವರ್ಷ. ನೀವೇ ಕಥೇಲಿ ಹೇಳಿದೀರಿ, ಸಿಪಾಯಿ ಯುದ್ಧಕ್ಕೆ ಹೋಗುವಾಗ ಇದರ ಪಾಯ ತೋಡ್ತಿದ್ರು ಅಂತ. ಈ ಮೆಟ್ಟಿಲು ನೋಡಿ." ಮೇಷ್ಟ್ರು ಪರದೆಯ ಹತ್ತಿರ ಹೋಗಿ, ಅಭ್ಯಾಸಬಲದಿಂದ ಭೂತಗನ್ನಡಿ ಹಿಡಿದರು. "ಅದ್ಭುತವಾದ ಕೆಲಸ. ನಾನು ನೋಡಿದ ನಿಜವಾದ ಮೆಟ್ಟಿಲುಗಳಿಗಿಂತ ನಿಜವಾಗಿದೆ. ಯಾರು ಮಾಡಿದ್ದು ಇದನ್ನ?"

"ಸವೆತಕ್ಕ," ಎಂದ ಮುಖ್ಯಸ್ಥ, ಹೆಮ್ಮೆಯಿಂದ.

"ನೀವೇ ಹೇಳಿಮ್ಮ. ಕಲ್ಲು ಇಷ್ಟು ಸವೆಯೋಕೆ ಎಷ್ಟು ವರ್ಷ ಬೇಕು?"

ಹತ್ತು ಜನ ಅವಳ ಕಡೆ ತಿರುಗಿದರು. ಅದು ಮೆತ್ತನೆಯ ಕಲ್ಲು, ಬಂದರಿನ ಜನಸಂದಣಿ, ನಾಲ್ಕೈದು ವರ್ಷ ಸಾಕು ಎಂದು ಹೇಳಬಹುದಿತ್ತು. ಮೆಟ್ಟಿಲಿನ ಮಟ್ಟಿಗೆ ಆ ಕೋಣೆಯಲ್ಲಿ ಅವಳ ಮಾತಿಗೆ ಎದುರು ಮಾತಿರಲಿಲ್ಲ. ಮೇಷ್ಟ್ರು ಕೂಡ ಒಪ್ಪುತ್ತಿದ್ದರೇನೋ. ಅವಳ ಬಾಯಿಗೆ ಆ ಸುಳ್ಳು ಬರಲಿಲ್ಲ. ಕಲ್ಲಿನ ವಿಷಯದಲ್ಲಿ ಅವಳು ಒಮ್ಮೆಯೂ ಸುಳ್ಳು ಹೇಳಿದವಳಲ್ಲ. ಅಪ್ಪ ಕಲಿಸಿದ್ದು ಹಾಗಲ್ಲ.

"ಅರವತ್ತೆಂಟು ವರ್ಷ," ಎಂದಳು.

"ನೋಡಿದ್ರಾ, ಎಷ್ಟು ಖಚಿತವಾಗಿ ಹೇಳಿದ್ರು!" ಎಂದರು ಮೇಷ್ಟ್ರು.

ಮೆಟ್ಟಿಲನ್ನು ಹೊಸದು ಮಾಡುವ ಕೆಲಸವೂ ಅವಳ ಪಾಲಿಗೇ ಬಂತು. ಕಡತ ಅವಳ ಹೆಸರಿನಲ್ಲಿತ್ತು. ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿದಳು. ತಗ್ಗನ್ನು ಎತ್ತಿ ಸಮ ಮಾಡುವುದು, ಅಂಚನ್ನು ಎಳೆದು ಚೂಪು ಮಾಡುವುದು. ದಿನಕ್ಕೆ ಮೂರು ಮೆಟ್ಟಿಲು ಮುಗಿಯುವ ಕೆಲಸ. ಅವಳು ಒಂದೊಂದೇ ಮಾಡಿದಳು. ಬಾಗಿಲ ಮುಂದೆ, ಹನ್ನೊಂದನೆಯದರ ಮೇಲೆ, ಅಪ್ಪನ ಬಕೆಟ್ಟಿನ ಕಬ್ಬಿಣದ ಬಳೆ ನಲವತ್ತು ವರ್ಷ ಕೂತೂ ಕೂತೂ ಬಿದ್ದ ಉಂಗುರದ ಗುರುತಿತ್ತು. ಅದನ್ನು ಅಳಿಸಿದ ದಿನ ಊಟಕ್ಕೆ ಕೆಳಗಿಳಿಯಲಿಲ್ಲ.

ಏಳನೆಯದರ ಚಕ್ಕೆಯನ್ನು ಮಾತ್ರ ಬಿಟ್ಟಳು. ಅದಕ್ಕೆ ಕಾರಣ ಕೇಳಿದರೆ ಕೊಡಲು ಒಂದು ಉತ್ತರವೂ ಬೇಕಿತ್ತು. ಮೇಷ್ಟ್ರ ಬಳಿ ಹೋಗಿ, "ಸರ್, ನಾಲ್ಕು ವರ್ಷದಲ್ಲಿ ಮೆಟ್ಟಿಲು ಸವೆಯಲ್ಲ, ಸರಿ. ಒಡೆಯಬಹುದಲ್ವಾ?" ಎಂದು ಕೇಳಿದಳು.

"ಯಾಕಾಗಬಾರದು? ದೇವರ ಪ್ರತಿಮೆ ಮೇಲೇರಿಸುವಾಗ ಯಾರದ್ದೋ ಕೈ ಜಾರಿರುತ್ತೆ."

ಅವಳು ಅವರ ಮುಖವನ್ನೇ ನೋಡಿದಳು. ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ. ಭೂತಗನ್ನಡಿ ಒರೆಸುತ್ತ ಇನ್ನೇನೋ ಮಾತಾಡುತ್ತಿದ್ದರು.

ಆಟದಲ್ಲಿ ತಪ್ಪು ಹುಡುಕುವುದೇ ಕೆಲಸವಾದವರು ಎರಡನೇ ಮಹಡಿಯಲ್ಲಿ ಕೂರುತ್ತಾರೆ. ಹೊಸ ಪಟ್ಟಣವನ್ನು ಅವರು ಬೀದಿ ಬೀದಿಯಾಗಿ ಜಾಲಾಡಿ ಪಟ್ಟಿ ಕಳಿಸಿದರು. ಮುನ್ನೂರ ಹನ್ನೆರಡನೇ ಸಾಲಿನಲ್ಲಿ ಹೀಗಿತ್ತು: "ದೇವಸ್ಥಾನ, ಏಳನೇ ಮೆಟ್ಟಿಲು, ಬಲ ಅಂಚು. ಆಕಾರ ಕೆಟ್ಟಿದೆ. ಹಳೆಯ ಆವೃತ್ತಿಯದು ಉಳಿದುಕೊಂಡಂತಿದೆ. ಸರಿಪಡಿಸಿ."

ಅವಳು ಮುಖ್ಯಸ್ಥನ ಮೇಜಿಗೆ ಹೋದಳು.

"ಅದು ತಪ್ಪಲ್ಲ. ನಾನೇ ಬಿಟ್ಟಿರೋದು. ಮೇಷ್ಟ್ರೂ ಒಪ್ಪಿದಾರೆ."

"ಒಪ್ಪಿರಬಹುದಕ್ಕ. ಆದ್ರೆ ಎಲ್ಲಾ ಹೊಸದಿದ್ದು ಒಂದೇ ಒಂದು ಕಡೆ ಒಡೆದಿದ್ರೆ ನೋಡೋರು ನಮ್ಮ ಕಣ್ತಪ್ಪು ಅಂತಾರೆ. ಸಾವಿರ ಜನ ದೂರು ಬರೀತಾರೆ. ಅಷ್ಟಕ್ಕೂ ಒಂದು ಚಕ್ಕೆಗೆ ಯಾಕಕ್ಕ ಇಷ್ಟು…" ಅವಳ ಮುಖ ನೋಡಿ ಅವನು ಮಾತು ನಿಲ್ಲಿಸಿದ. "ಏನಾದ್ರೂ ವಿಷಯ ಇದೆಯಾ?"

ಹೇಳಿದ್ದರೆ ಅವನು ಬಿಡುತ್ತಿದ್ದನೋ ಏನೋ. ಕೆಟ್ಟವನಲ್ಲ. ಆದರೆ ಹೇಳಬೇಕೆಂದರೆ ಹೊಲಿಗೆ ಯಂತ್ರದಿಂದ ಶುರು ಮಾಡಬೇಕು, ಆಸ್ಪತ್ರೆಗೆ ಬರಬೇಕು, ಸಿಪಾಯಿಗೆ ಕಾಲು ಒರೆಸಿಕೋ ಎನ್ನುವ ಅಪ್ಪನನ್ನು ಈ ದೀಪದಡಿ ತಂದು ನಿಲ್ಲಿಸಬೇಕು. ಸುತ್ತ ಎಂಟು ಜನ ಕಿವಿಗೆ ಹಾಕಿದ್ದ ಹಾಡಿನ ತಂತಿ ತೆಗೆದು ಕಾಯುತ್ತಿದ್ದರು.

"ಏನಿಲ್ಲ," ಎಂದಳು.

ಚಕ್ಕೆ ಎದ್ದ ಜಾಗ ತುಂಬುವುದು ಐದು ನಿಮಿಷದ ಕೆಲಸ. ಪಟ್ಟಿಯ ಮುನ್ನೂರ ಹನ್ನೆರಡನೇ ಸಾಲಿನ ಎದುರು 'ಸರಿಪಡಿಸಲಾಗಿದೆ' ಎಂದು ಬರೆದು ಮುಚ್ಚಿದಳು.

ಹೊಸ ಆವೃತ್ತಿ ಹೊರಬರಲು ಇನ್ನೂ ಮೂರು ವಾರವಿತ್ತು. ಅಪ್ಪನಿಗೆ ಹೇಳಬೇಕು ಎಂದು ದಿನವೂ ಮನೆಗೆ ಬರುತ್ತಿದ್ದಳು. ಲಿಫ್ಟಿನಲ್ಲಿ ಮಾತು ಹೊಂದಿಸಿಕೊಳ್ಳುತ್ತಿದ್ದಳು. ಬಾಗಿಲು ತೆಗೆದರೆ ಅಪ್ಪ ಅಂದಿನ ವರದಿ ಒಪ್ಪಿಸುತ್ತಿದ್ದ: ಇವತ್ತು ದೇವಸ್ಥಾನದ ಹತ್ತಿರ ಜನ ಕಮ್ಮಿ, ಯಾರೋ ಕುಡುಕ ಮೆಟ್ಟಿಲ ಮೇಲೆ ಮಲಗಿದ್ದ, ಎಬ್ಬಿಸೋ ಗುಂಡಿ ಯಾವುದು ಹೇಳು. ಹೊಸದನ್ನು ಹಾಕಿಕೊಳ್ಳದೆ ಹಳೆಯದರಲ್ಲೇ ಆಡುತ್ತಿರಲು ದಾರಿಯಿರಲಿಲ್ಲ. ಗೊತ್ತುಪಡಿಸಿದ ದಿನ ಬಂದ ಮೇಲೆ ಹಳೆಯ ಆಟ ತೆರೆಯುವುದೇ ಇಲ್ಲ. ಆ ವ್ಯವಸ್ಥೆ ಅವಳ ಕಂಪನಿಯದೇ. ಕಂಪನಿಯ ಕಡತವನ್ನು ಮನೆಗೆ ಒಯ್ಯುವಂತಿಲ್ಲ. ಅವಳ ಬಳಿ ಇದ್ದದ್ದು ಆ ಮುನ್ನೂರ ನಲವತ್ತು ಫೋಟೋ, ಅವುಗಳಿಂದ ಕಟ್ಟಿದ ಮೊದಲ ಆಕಾರ, ಅಷ್ಟೇ. ನಾಳೆ ಹೇಳಿದರಾಯಿತು ಎಂದುಕೊಂಡಳು. ಮೂರು ವಾರವೂ ಹಾಗೇ ಅಂದುಕೊಂಡಳು.

ಹೊಸ ಆವೃತ್ತಿ ಹೊರಬಂದ ದಿನ ಬೆಳಿಗ್ಗೆ ಹತ್ತೂ ಕಾಲಿಗೆ ಆಫೀಸಿನಲ್ಲಿ ಅವಳ ಫೋನು ರಿಂಗಾಯಿತು.

"ಮಗಳೇ," ಎಂದ ಅಪ್ಪ. ಕಟ್ಟಡ ನೋಡಿಕೊಳ್ಳುತ್ತಿದ್ದಾಗ ನೀರಿನ ಮೋಟರು ಕಳುವಾದ ದಿನ ಮಾಲೀಕನಿಗೆ ಫೋನು ಮಾಡಿದ್ದ ದನಿ ಅದು. "ಮೆಟ್ಟಿಲು ಯಾರೋ ಕಿತ್ತು ಹಾಕಿದಾರೆ. ಹೊಸದು ಕೂರಿಸಿದಾರೆ."

ಅವಳು ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು.

"ಊರೆಲ್ಲ ಬಣ್ಣ ಬಳಿದಿದಾರೆ. ಅದು ಹೋಗಲಿ. ಮೆಟ್ಟಿಲು ಯಾರು ಮುಟ್ಟಿದ್ದು?"

"ನಾನೇ ಅಪ್ಪ."

ಆ ಕಡೆ ಬಂದರಿನ ಹಕ್ಕಿಗಳ ಕೂಗು ಟಿವಿಯಿಂದ ಕೇಳುತ್ತಿತ್ತು. ಆಮೇಲೆ ಅಪ್ಪ, "ಊಟ ಮಾಡ್ಕೊಂಡು ಬಾ, ಪರವಾಗಿಲ್ಲ" ಎಂದು ಫೋನು ಇಟ್ಟ.

ಅವಳು ಊಟ ಮಾಡಲಿಲ್ಲ. ಹನ್ನೆರಡಕ್ಕೆ ಮನೆಯಲ್ಲಿದ್ದಳು. ಅಪ್ಪ ಸೋಫಾದಲ್ಲಿ, ಊರುಗೋಲು ಪಕ್ಕಕ್ಕೆ, ಆಟದ ಹಿಡಿಕೆ ತೊಡೆಯ ಮೇಲೆ. ಪರದೆಯಲ್ಲಿ ಕೆಂಪು ತುಟಿಯ ದೇವತೆಗಳ ನಡುವೆ, ಅಲಗಿನ ಹಾಗೆ ಚೂಪಾದ ಮೆಟ್ಟಿಲುಗಳ ಮೇಲೆ, ಏಳನೆಯದರಲ್ಲಿ, ಸಿಪಾಯಿ ನಿಂತಿದ್ದ. ಸುಮಾರು ಎರಡು ಗಂಟೆ ಹೊತ್ತಿನಿಂದ ಅಲ್ಲೇ ನಿಂತಿದ್ದ.

"ಹನ್ನೊಂದೇ ಇವೆ," ಎಂದ ಅಪ್ಪ. "ಎಣಿಸಿದೆ."

ಅವಳು ಅವನ ಕಾಲ ಬಳಿ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಮೇಷ್ಟ್ರು, ನಾಲ್ಕು ವರ್ಷದ ದೇವಸ್ಥಾನ, ತನ್ನನ್ನು ಕೇಳಿದ್ದು, ತಾನು ಹೇಳಿದ್ದು. ಅಪ್ಪ ಬೈಯಬಹುದು ಎಂದುಕೊಂಡಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

"ಸರಿಯಾಗೇ ಹೇಳಿದೀಯ," ಎಂದ. "ನಾಲ್ಕು ವರ್ಷಕ್ಕೆ ಎಲ್ಲಿ ಸವೆಯುತ್ತೆ ಕಲ್ಲು. ಸುಳ್ಳು ಹೇಳಿದ್ರೆ ಅವರಿಗೆ ಗೊತ್ತಾಗಿರೋದು." ಪರದೆಯ ಏಳನೇ ಮೆಟ್ಟಿಲಿನತ್ತ ಬೆರಳು ಚಾಚಿ, "ಆ ಚಕ್ಕೆ ಒಂದಾದ್ರೂ…"

"ಇಟ್ಟಿದ್ದೆ ಅಪ್ಪ. ತಪ್ಪು ಅಂತ ಬರೆದು ಕಳಿಸಿದ್ರು."

"ತಪ್ಪು," ಎಂದ ಅಪ್ಪ, ಆ ಪದವನ್ನು ಮೊದಲ ಸಲ ಕೇಳಿದವನ ಹಾಗೆ.

ಅವಳು ಎದ್ದು ಲ್ಯಾಪ್‌ಟಾಪ್ ತಂದು ಅವನ ತೊಡೆಯ ಮೇಲಿಟ್ಟಳು. ಕಪ್ಪು ಪರದೆಯ ನಡುವೆ ಹನ್ನೊಂದು ಬೂದು ಮೆಟ್ಟಿಲು ತೇಲುತ್ತಿದ್ದವು. ಮೇಲೆ ಬಾಗಿಲಿಲ್ಲ, ಕೆಳಗೆ ಬೀದಿಯಿಲ್ಲ. ಬಕೆಟ್ಟಿನ ಉಂಗುರ ಇತ್ತು, ಚಕ್ಕೆ ಇತ್ತು. ಬೆರಳಾಡಿಸಿದರೆ ಒಟ್ಟಿಗೇ ಗಿರಗಿರ ತಿರುಗುತ್ತಿತ್ತು. ಅಪ್ಪ ಅದನ್ನು ಎರಡು ಸಲ ತಿರುಗಿಸಿ ನೋಡಿದ.

"ಇದರ ಮೇಲೆ ಕಾಲಿಡೋದು ಹೇಗೆ?"

"ಇಡೋಕಾಗಲ್ಲ ಅಪ್ಪ. ನೋಡ್ಬಹುದು."

ಅಪ್ಪ ಲ್ಯಾಪ್‌ಟಾಪನ್ನು ಮೆಲ್ಲಗೆ, ಒದ್ದೆ ಲೋಟ ಇಡುವ ಹಾಗೆ, ಪಕ್ಕಕ್ಕಿಟ್ಟ. ಕಣ್ಣು ಟಿವಿಯ ಮೇಲೇ ಇತ್ತು.

"ನನ್ನ ಕೈಯೇ," ಎಂದ.

"ಏನಪ್ಪ?"

"ಯಂತ್ರ. ನನ್ನ ಕೈಯೇ ಜಾರಿದ್ದು. ಬೆವರಿತ್ತು. ಹೊಸ ಹೆಂಡತಿ ಮುಂದೆ ಭಾರ ಆಯ್ತು ಅಂತ ಹೇಳೋದು ಹೇಗೆ ಅಂತ, ನೀನೇ ಬಿಟ್ಟೆ ಅಂದ್ಬಿಟ್ಟೆ. ಒಂದು ಸಲ ಅಂದ ಮೇಲೆ ಹಾಗೇ ನಡೀತು." ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅಲ್ಲೇ ನಿಂತು ಹೇಳ್ತೀನಿ ಅಂದಿದ್ದೆ. ಹೇಳೋಕೇ ಅಂತಾನೇ ದಿನಾ ಹೋಗ್ತಿದ್ದೆ ನಾನು. ಅಲ್ಲಿ ಹೋಗಿ ನಿಂತ್ರೆ, ಹೇಳಿಬಿಟ್ರೆ ಆಮೇಲೆ ಏನು ಉಳೀತು ಅಂತ ಅನ್ನಿಸೋದು. ನಾಳೆ ಹೇಳಿದ್ರಾಯ್ತು, ಮೆಟ್ಟಿಲೆಲ್ಲಿ ಓಡಿ ಹೋಗುತ್ತೆ ಅಂತ ವಾಪಸ್ ಬರ್ತಿದ್ದೆ."

ಅವಳು ಅವನ ಮಂಡಿಯ ಮೇಲೆ ಕೈ ಇಟ್ಟಳು. ಈಗ ಹೇಳು ಅಪ್ಪ, ಇಲ್ಲಿಂದಲೇ ಹೇಳು, ಅಮ್ಮನಿಗೆ ಕೇಳಿಸುತ್ತೆ, ಎಂದು ಹೇಳಬೇಕೆನಿಸಿತು. ಅಂಥ ಮಾತು ಅವರ ಮನೆಯಲ್ಲಿ ಯಾರೂ ಆಡಿದ್ದಿಲ್ಲ.

ಪರದೆಯಲ್ಲಿ ಪುರೋಹಿತರ ಗುಂಪು ಇಳಿದು ಬಂತು. ಸಿಪಾಯಿಯ ಭುಜಕ್ಕೆ ತಾಗಿಕೊಂಡೇ ಹೋಯಿತು. ಅಪ್ಪ ಅವರನ್ನು ಬೈಯಲಿಲ್ಲ. ಹಿಡಿಕೆಯನ್ನು ಮಗಳ ಕಡೆ ಚಾಚಿದ.

"ಅವನನ್ನ ಕೆಳಗಿಳಿಸಿಬಿಡು. ಆಗಿನಿಂದ ತುಳ್ಕೊಂಡು ನಿಂತಿದಾನೆ. ಹೊಸ ಕಲ್ಲು, ಸುಮ್ಮನೆ ಯಾಕೆ ಸವೆಸೋದು."

ಅವಳು ಸಿಪಾಯಿಯನ್ನು ತಿರುಗಿಸಿ ಒಂದೊಂದೇ ಮೆಟ್ಟಿಲು ಇಳಿಸಿದಳು. ಕೆಳಗೆ ಬೀದಿಗೆ ತಂದು ನಿಲ್ಲಿಸಿದಳು. ಆಟದೊಳಗಿನ ಕಲ್ಲು ತಾನಾಗಿ ಸವೆಯುವುದಿಲ್ಲ. ಲೋಕದ ಜನವೆಲ್ಲ ನೂರು ವರ್ಷ ಹತ್ತಿ ಇಳಿದರೂ ಅಲ್ಲಿ ಒಂದು ಗೆರೆ ಬೀಳುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಅಪ್ಪನಿಗೆ ಹೇಳಲಿಲ್ಲ.